ಹಣಿಗೆಯೂ ಕಾರ್ಬನ್, ಪೆನ್ಸಿಲ್ ಕಡ್ಡಿಯೂ ಕಾರ್ಬನ್: ಮನೆಯ ಸಾಮಾನಿನಲ್ಲೇ ಎರಡು ವಿಜ್ಞಾನ ಪಾಠ

ತಲೆ ಬಾಚಿದ ಹಣಿಗೆ ಕಾಗದದ ಚೂರುಗಳನ್ನು ಎತ್ತುತ್ತದೆ. ಪೆನ್ಸಿಲ್ಲಿನ ಕಪ್ಪು ಕಡ್ಡಿಯನ್ನು ಕೈಯಲ್ಲಿ ಹಿಡಿದು ಎಷ್ಟು ಉಜ್ಜಿದರೂ ಒಂದು ಚೂರೂ ಏಳುವುದಿಲ್ಲ. ಹಣಿಗೆಯ ಪ್ಲಾಸ್ಟಿಕ್ ಕಾರ್ಬನ್ನಿನ ಸರಪಳಿಯ ಮೇಲೆ ಕಟ್ಟಿದ ವಸ್ತು. ಪೆನ್ಸಿಲ್ ಕಡ್ಡಿಯೂ ಬಹುಪಾಲು ಕಾರ್ಬನ್ನೇ. ಒಂದೇ ಮೂಲವಸ್ತು ಒಂದು ಕಡೆ ವಿದ್ಯುದಾವೇಶವನ್ನು ಹಿಡಿದಿಟ್ಟುಕೊಳ್ಳುತ್ತದೆ, ಇನ್ನೊಂದು ಕಡೆ ಹರಿಯಬಿಡುತ್ತದೆ. ಏಕೆ? ಇದಕ್ಕೆ ತನ್ನ ಕೈಯಿಂದಲೇ ಉತ್ತರ ಕಂಡುಕೊಂಡ ವಿದ್ಯಾರ್ಥಿಗೆ ಎಂಟನೆಯ ತರಗತಿಯ ಆವೇಶದ ಪಾಠವೂ ಹತ್ತನೆಯ ತರಗತಿಯ ಕಾರ್ಬನ್ ಪಾಠವೂ ಒಟ್ಟಿಗೆ ಒಲಿಯುತ್ತವೆ.

ಕಲಬುರಗಿ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಪ್ರಯೋಗಾಲಯವಿಲ್ಲ ಎಂಬ ಕಾರಣಕ್ಕೆ ಈ ಎರಡೂ ಪಾಠಗಳನ್ನು ಬೋರ್ಡಿನ ಮೇಲೆ ಬರೆದು ಮುಗಿಸುವುದನ್ನು ಹಲವು ಕಡೆ ಕಂಡಿದ್ದೇನೆ, ಕೆಲವು ವರ್ಷ ನಾನೂ ಹಾಗೆಯೇ ಮಾಡಿದ್ದೇನೆ. ಅದರ ಅಗತ್ಯವೇ ಇಲ್ಲ. ಕಲಬುರಗಿ, ಬೀದರ್, ಯಾದಗಿರಿಯ ಯಾವ ಮನೆಯಲ್ಲಾದರೂ ಸಿಗುವ ಸಾಮಾನಿನಿಂದ ಇಷ್ಟನ್ನೂ ಮಾಡಬಹುದು. ಮಾಡುವ ಕ್ರಮವನ್ನು, ಎಲ್ಲಿ ಕೆಡುತ್ತದೆ ಎಂಬುದನ್ನು ಸೇರಿಸಿ, ಕೆಳಗೆ ಬರೆದಿದ್ದೇನೆ.

ಮೊದಲು ಋತು ನೋಡಿಕೊಳ್ಳಿ

ಸ್ಥಿರ ವಿದ್ಯುತ್ತಿನ ಪ್ರಯೋಗಕ್ಕೆ ಬೇಕಾದ ಅತಿ ಮುಖ್ಯ ಸಾಮಾನು ಒಣ ಹವೆ. ನಾನು ಕೆಲಸಕ್ಕೆ ಸೇರಿದ ವರ್ಷ ಆಗಸ್ಟ್ ತಿಂಗಳಲ್ಲಿ, ಹೊರಗೆ ಜಿಟಿಜಿಟಿ ಮಳೆ ಹಿಡಿದಿದ್ದ ದಿನ, ನಲವತ್ತು ಮಕ್ಕಳ ಎದುರು ಹಣಿಗೆ ಉಜ್ಜುತ್ತ ನಿಂತೆ. ಒಂದು ಚೂರು ಕಾಗದವೂ ಮಿಸುಕಲಿಲ್ಲ. ‘ಪುಸ್ತಕದಲ್ಲಿ ಇರುವುದು ಸುಳ್ಳೇ ಸರ್?’ ಎಂದು ಹಿಂದಿನ ಸಾಲಿನ ಹುಡುಗಿ ಕೇಳಿದಳು. ಪುಸ್ತಕ ಸುಳ್ಳಾಗಿರಲಿಲ್ಲ, ತಿಂಗಳು ತಪ್ಪಾಗಿತ್ತು. ಗಾಳಿಯಲ್ಲಿ ತೇವ ಹೆಚ್ಚಾದಾಗ ಹಣಿಗೆಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪೊರೆ ಕೂರುತ್ತದೆ. ಕೂಡಿದ ಆವೇಶ ಆ ಪೊರೆಯ ಮೇಲಿಂದ ನಮ್ಮ ಕೈಗೆ, ಕೈಯಿಂದ ನೆಲಕ್ಕೆ ಹರಿದುಹೋಗುತ್ತದೆ.

ಆದ್ದರಿಂದ ನನ್ನ ಕ್ರಮ ಹೀಗಿದೆ: ಜೂನ್‌ನಿಂದ ನವೆಂಬರ್‌ವರೆಗೆ ಕಾರ್ಬನ್, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಸ್ಥಿರ ವಿದ್ಯುತ್ತು. ಆ ತಿಂಗಳುಗಳಲ್ಲಿ ತುಟಿ ಒಡೆಯುವಷ್ಟು ಒಣಗುವ ನಮ್ಮ ಹವೆ ಕರಾವಳಿಯ ಶಾಲೆಗಳಿಗೆ ಬೇಡಿದರೂ ಸಿಗದು. ಬೀದರ್‌ನಲ್ಲಿ ಚಳಿಗಾಲದ ಬೆಳಗಿನ ಹೊತ್ತು ಮಂಜು ಬಿದ್ದಿರುತ್ತದೆ, ಅಲ್ಲಿಯವರು ಹನ್ನೊಂದು ಗಂಟೆಯ ಮೇಲೆ ಮಾಡಲಿ.

ಕಾಲಡಿಯ ಕಲ್ಲಿನಲ್ಲಿ ಅಡಗಿದ ಕಾರ್ಬನ್

ಕಾರ್ಬನ್ ಎಂದೊಡನೆ ಮಕ್ಕಳು ಇದ್ದಿಲು ಎನ್ನುತ್ತಾರೆ. ನಾನು ಮನೆಯ ನೆಲ ತೋರಿಸುತ್ತೇನೆ. ನಮ್ಮಲ್ಲಿ ನೆಲಕ್ಕೂ ಕಟ್ಟೆಗೂ ಹಾಸುವ ಶಹಾಬಾದ್ ಪರಸಿ ಸುಣ್ಣದ ಕಲ್ಲು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. 50 ಕೋಟಿ ವರ್ಷಗಳಿಗೂ ಹಿಂದೆ ಈ ಭೀಮಾ ಸೀಮೆಯಲ್ಲಿ ಹರಡಿಕೊಂಡಿದ್ದ ಆಳವಿಲ್ಲದ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕಲ್ಲು ಇದು. ಅದಕ್ಕೇ ಹಾಳೆಯಂತೆ ಸೀಳುತ್ತದೆ. ವಾಡಿ, ಸೇಡಂ, ಮಳಖೇಡ ಭಾಗದಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದು ಕೂತಿರುವುದೂ ಇದೇ ಕಲ್ಲಿಗಾಗಿ.

ಹಿಂದಿನ ದಿನವೇ ಸುಣ್ಣದ ತಿಳಿ ತಯಾರಿಸಿಕೊಳ್ಳಿ. ಎಲೆ ಅಡಿಕೆಗೆ ಹಚ್ಚುವ ಸುಣ್ಣವನ್ನು ಒಂದು ಚಮಚದಷ್ಟು ಅರ್ಧ ಲೀಟರ್ ನೀರಿನಲ್ಲಿ ಕದಡಿ, ಬಾಟಲಿಯ ಬಾಯಿ ಮುಚ್ಚಿ, ರಾತ್ರಿಯಿಡೀ ಅಲುಗಿಸದೆ ಬಿಡಿ. ಬೆಳಗ್ಗೆ ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಾಟಲಿಗೆ ಬಸಿದುಕೊಳ್ಳಿ. ಬಾಟಲಿ ತೆರೆದಿಟ್ಟರೆ ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹೀರಿ ಮೇಲೆ ಬಿಳಿ ಕೆನೆ ಕಟ್ಟುತ್ತದೆ. ಸುಣ್ಣ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಕದಡುವ ಕೆಲಸ ದೊಡ್ಡವರದೇ ಇರಲಿ, ಪಕ್ಕದಲ್ಲಿ ಒಂದು ತಂಬಿಗೆ ಶುದ್ಧ ನೀರು ಇರಲಿ. ಸಿಡಿದರೆ ತಡಮಾಡದೆ ಬಹಳ ಹೊತ್ತು ತೊಳೆದು ಆಸ್ಪತ್ರೆಗೆ ಕರೆದೊಯ್ಯಬೇಕು.

ಈಗ ಪರಸಿಯ ಒಂದು ತುಂಡನ್ನು ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಪುಡಿ ಮಾಡಿ. ಇಡೀ ಕಲ್ಲಿನ ಮೇಲೆ ನಿಂಬೆರಸ ಹಿಂಡಿದರೆ ಗುಳ್ಳೆ ಅಷ್ಟಾಗಿ ಕಾಣುವುದಿಲ್ಲ. ಪುಡಿಯಾದರೆ ಮೇಲ್ಮೈ ಹೆಚ್ಚುತ್ತದೆ, ಕ್ರಿಯೆ ಬೇಗ ಆಗುತ್ತದೆ. ನೀರಿನ ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ ಸಣ್ಣ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ, ಸುತ್ತಲೂ ಮೇಣ ಹಚ್ಚಿ ಸಂದು ಮುಚ್ಚಿ. ಎರಡು ಚಮಚ ಕಲ್ಲಿನ ಪುಡಿಗೆ ಕಾಲು ಲೋಟ ವಿನೆಗರ್ ಸುರಿದು ಮುಚ್ಚಳ ಬಿಗಿದು, ಕೊಳವೆಯ ಇನ್ನೊಂದು ತುದಿಯನ್ನು ಸುಣ್ಣದ ತಿಳಿಯಲ್ಲಿ ಅದ್ದಿ ಹಿಡಿಯಿರಿ. ಕೊಂಚ ಹೊತ್ತಿನಲ್ಲಿ ತಿಳಿ ಹಾಲಿನಂತೆ ಬೆಳ್ಳಗಾಗುತ್ತದೆ. ಕಲ್ಲಿನೊಳಗೆ ಕೋಟಿಗಟ್ಟಲೆ ವರ್ಷ ಮಲಗಿದ್ದ ಕಾರ್ಬನ್ ಈಗ ನಿಮ್ಮ ಲೋಟದಲ್ಲಿ ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕೂತಿತು. ಪೂರ್ತಿ ಲೆಕ್ಕ ಬೇಕಾದವರಿಗೆ: 100 ಗ್ರಾಂ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್ ಪೂರ್ಣವಾಗಿ ಒಡೆದರೆ 44 ಗ್ರಾಂ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಸಿಮೆಂಟ್ ಗೂಡಿನಲ್ಲಿ ಹುಳಿಯ ಬದಲು ಬೆಂಕಿ ಇದೇ ಕೆಲಸ ಮಾಡುತ್ತದೆ.

ಇಲ್ಲಿಗೇ ನಿಲ್ಲಿಸಬೇಡಿ. ಬೇರೊಂದು ಲೋಟದಲ್ಲಿ ಹೊಸ ಸುಣ್ಣದ ತಿಳಿ ಹಾಕಿ ಕೊಳವೆಯಿಂದ ಉಸಿರು ಊದಿ. ಊದುವುದು ಮಾತ್ರ, ಹೀರುವುದು ಬೇಡ. ಬೆಳ್ಳಗಾದ ಮೇಲೂ ಬಿಡದೆ ಊದುತ್ತ ಹೋದರೆ ಬಿಳುಪು ಕರಗಿ ನೀರು ತಿಳಿಯಾಗುತ್ತ ಬರುತ್ತದೆ. ಹೆಚ್ಚಾದ ಕಾರ್ಬನ್ ಡೈಆಕ್ಸೈಡ್ ಸೇರಿ, ಕರಗದ ಕಾರ್ಬೊನೇಟ್ ಕರಗುವ ಬೈಕಾರ್ಬೊನೇಟ್ ಆಯಿತು. ಅದೇ ನೀರನ್ನು ಕಾಯಿಸಿ ನೋಡಿ, ಬಿಳುಪು ಮರಳುತ್ತದೆ. ನಮ್ಮ ನೆಲದಡಿ ನಡೆಯುವುದೂ ಇದೇ: ಮಳೆಯ ನೀರು ಕಾರ್ಬನ್ ಡೈಆಕ್ಸೈಡನ್ನು ಹೊತ್ತು ಸುಣ್ಣದ ಕಲ್ಲನ್ನು ಕರಗಿಸುತ್ತ ಇಳಿಯುತ್ತದೆ, ಬೋರ್‌ವೆಲ್ಲಿನಿಂದ ಗಡಸು ನೀರಾಗಿ ಮೇಲೆ ಬರುತ್ತದೆ, ಸ್ನಾನದ ಹಂಡೆಯಲ್ಲಿ ಕಾದಾಗ ಒಳಮೈಗೆ ಬಿಳಿ ಚಿಪ್ಪಾಗಿ ಹತ್ತುತ್ತದೆ. ಒಬ್ಬ ಹುಡುಗ ಮನೆಯ ಹಂಡೆಯಿಂದ ಕೆರೆದ ಚಿಪ್ಪನ್ನು ಕಾಗದದಲ್ಲಿ ಕಟ್ಟಿ ತಂದಿದ್ದ. ಅದರ ಮೇಲೆ ನಿಂಬೆಹಣ್ಣು ಹಿಂಡಿದೆವು, ನೊರೆನೊರೆಯಾಗಿ ಉಕ್ಕಿತು. ಆ ದಿನ ಇಡೀ ತರಗತಿ ಬಾಗಿ ಆ ಕಾಗದವನ್ನು ನೋಡಿದ ಬಗೆ ನನಗೆ ಮರೆತಿಲ್ಲ.

ಬೀದರ್‌ನ ಮಕ್ಕಳು ತಮ್ಮ ಕೋಟೆಯ ಕೆಂಪು ಜಂಬಿಟ್ಟಿಗೆಯಂಥ ಕಲ್ಲಿನ ಮೇಲೆ ಹುಳಿ ಹಾಕಿದರೆ ಏನೂ ಆಗುವುದಿಲ್ಲ. ಅದು ಕಬ್ಬಿಣ, ಅಲ್ಯೂಮಿನಿಯಂಗಳ ಆಕ್ಸೈಡ್ ತುಂಬಿದ ಕಲ್ಲು. ಎಲ್ಲೋ ಬಿದ್ದ ಬಿಡಿ ಕಲ್ಲಿನ ಮೇಲೆ ಮಾಡಿ ನೋಡಿ, ಕೋಟೆಯ ಗೋಡೆಯ ಮೇಲೆ ಬೇಡ. ಎರೆ ಹೊಲದಲ್ಲಿ ಸಿಗುವ ಬಿಳಿ ಸುಣ್ಣದ ಹರಳು ಮಾತ್ರ ಎಲ್ಲ ಕಡೆಯೂ ಗುಳ್ಳೆ ಬಿಡುತ್ತದೆ.

ಗಡಸು ನೀರು ಕೈಗೆ ಬಂದಿರುವಾಗಲೇ ಸಾಬೂನಿನ ಪಾಠವನ್ನೂ ಮುಗಿಸಬಹುದು. ಒಂದೇ ಅಳತೆಯ ಎರಡು ಬಾಟಲಿಗಳಲ್ಲಿ ಒಂದಕ್ಕೆ ಬೋರ್‌ವೆಲ್ ನೀರು, ಇನ್ನೊಂದಕ್ಕೆ ಹಿಡಿದಿಟ್ಟ ಮಳೆ ನೀರು ಹಾಕಿ, ಎರಡಕ್ಕೂ ಸಾಬೂನು ಕರಗಿಸಿದ ನೀರನ್ನು ಹತ್ತು ಹತ್ತು ಹನಿ ಬಿಟ್ಟು, ಇಪ್ಪತ್ತು ಸಲ ಕುಲುಕಿ, ನೊರೆಯ ಎತ್ತರವನ್ನು ಸ್ಕೇಲಿನಿಂದ ಅಳೆಯಿರಿ. ಸಾಬೂನಿನ ಅಣುವಿಗೆ ಕಾರ್ಬನ್ನಿನ ಉದ್ದ ಬಾಲವಿದೆ, ಅದು ಎಣ್ಣೆಯ ಜಿಡ್ಡಿಗೆ ಅಂಟುತ್ತದೆ. ತುದಿಯಲ್ಲಿ ಸೋಡಿಯಂ ಇರುವ ತಲೆಯಿದೆ, ಅದು ನೀರಿಗೆ ಅಂಟುತ್ತದೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಬಂದು ಸೋಡಿಯಂನ ಜಾಗ ಹಿಡಿಯುತ್ತದೆ, ಅಣು ಕರಗದೆ ಬಿಳಿ ಗಷ್ಟಾಗಿ ತೇಲುತ್ತದೆ. ಬಟ್ಟೆ ಒಗೆಯುವ ಡಿಟರ್ಜೆಂಟಿಗೆ ಈ ತೊಂದರೆ ಇಲ್ಲ, ಅದನ್ನೂ ಹಾಕಿ ಹೋಲಿಸಿ.

ನೆನೆದ ಕಡಲೆ, ಪೊರಕೆ ಕಡ್ಡಿ

ಕಾರ್ಬನ್ನಿನ ಹೊರಕವಚದಲ್ಲಿ 4 ಎಲೆಕ್ಟ್ರಾನುಗಳಿವೆ. ನಾಲ್ಕನ್ನು ಬಿಟ್ಟುಕೊಡುವುದೂ ಕಷ್ಟ, ಇನ್ನು ನಾಲ್ಕನ್ನು ಕಿತ್ತುಕೊಳ್ಳುವುದೂ ಕಷ್ಟ. ಆದ್ದರಿಂದ ಹಂಚಿಕೊಳ್ಳುತ್ತದೆ. ಹೀಗೆ ಹಂಚಿಕೊಂಡ ಒಂದು ಜೋಡಿ ಎಲೆಕ್ಟ್ರಾನು ಅಂದರೆ ಒಂದು ಸಹವೇಲೆನ್ಸೀಯ ಬಂಧ. ಇದನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಕಟ್ಟಿಸುವುದು ಒಳ್ಳೆಯದು. ರಾತ್ರಿ ನೆನೆಸಿದ ಕಡಲೆ ಕಾರ್ಬನ್, ನೆನೆಸಿದ ತೊಗರಿಕಾಳು ಹೈಡ್ರೋಜನ್, ಗೇಣಿಗೆ ನಾಲ್ಕರಂತೆ ಮುರಿದ ಪೊರಕೆ ಕಡ್ಡಿ ಬಂಧ. ಕಡಲೆಗೆ ನಾಲ್ಕು ಕಡ್ಡಿ ಚುಚ್ಚುವಾಗ ಒಂದೇ ಸಮತಟ್ಟಿನಲ್ಲಿ ಚುಚ್ಚಬೇಡಿ. ಮೂರು ಕಡ್ಡಿ ಕಾಲಾಗಿ ನಿಲ್ಲಬೇಕು, ನಾಲ್ಕನೆಯದು ನೆಟ್ಟಗೆ ಮೇಲೆ ಹೋಗಬೇಕು. ಯಾವ ಎರಡು ಕಡ್ಡಿಯ ನಡುವಿನ ಕೋನವೂ ಸುಮಾರು 109.5 ಡಿಗ್ರಿ ಬರುತ್ತದೆ. ತುದಿಗೆ ನಾಲ್ಕು ತೊಗರಿಕಾಳು ಸಿಕ್ಕಿಸಿದರೆ ಮೀಥೇನ್ ಆಯಿತು, ಗೋಬರ್ ಗ್ಯಾಸಿನಲ್ಲಿ ಉರಿಯುವುದು ಇದೇ. ಕಾಳು ಒಣಗುತ್ತ ಹೋದಂತೆ ಕಡ್ಡಿಯನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ, ಮಾದರಿ ವರ್ಷಗಟ್ಟಲೆ ಉಳಿಯುತ್ತದೆ.

ನಾಲ್ಕು ಕಡಲೆಗಳನ್ನು ಸಾಲಾಗಿ ಜೋಡಿಸಿದರೆ ಬ್ಯೂಟೇನ್. ಅದೇ ನಾಲ್ಕನ್ನು, ಮೂರು ಸಾಲಾಗಿಟ್ಟು ಒಂದನ್ನು ನಡುವಿನದಕ್ಕೆ ಕವಲಾಗಿ ಜೋಡಿಸಿದರೆ ಐಸೋಬ್ಯೂಟೇನ್. ಕಾಳುಗಳ ಎಣಿಕೆ ಒಂದೇ, ಕಟ್ಟಡ ಬೇರೆ. ಐದು ಕಡಲೆ ಕೊಟ್ಟು ಎಷ್ಟು ಬಗೆಯಲ್ಲಿ ಕಟ್ಟಬಹುದು ಎಂದು ಮಕ್ಕಳನ್ನೇ ಕೇಳಿ. ಉತ್ತರ ಮೂರು, ನಾಲ್ಕನೆಯದು ಸಿಕ್ಕಿತು ಎನ್ನುವವರಿಗೆ ಅದನ್ನು ತಿರುಗಿಸಿ ಹಿಡಿದು ನೋಡಲು ಹೇಳಿ.

ಇನ್ನು ಮುಖ್ಯ ಮಾದರಿಗಳು ಎರಡು. ಇವಕ್ಕೆ ಒಂದು ಇಡೀ ಅವಧಿ ಕೊಡಿ. ಮೊದಲನೆಯದು ವಜ್ರ: ಪ್ರತಿ ಕಡಲೆಯೂ ಮತ್ತೆ ನಾಲ್ಕು ಕಡಲೆಗಳಿಗೆ ಕಡ್ಡಿ ಕೊಡುತ್ತ ಎಲ್ಲ ದಿಕ್ಕಿಗೂ ಬೆಳೆಯುವ ಕಟ್ಟಡ. ಹತ್ತು ಹದಿನೈದು ಕಡಲೆ ಸೇರುವಷ್ಟರಲ್ಲಿ ಅದನ್ನು ಕೈಯಲ್ಲಿ ಅಮುಕಿದರೂ ಬಾಗುವುದಿಲ್ಲ. ಎರಡನೆಯದು ಗ್ರಾಫೈಟ್: ಆರಾರು ಕಡಲೆಗಳ ಷಟ್ಕೋನಗಳು ಜೇನುಗೂಡಿನಂತೆ ಒಂದೇ ಸಮತಟ್ಟಿನಲ್ಲಿ ಹರಡುತ್ತವೆ. ಇಲ್ಲಿ ಪ್ರತಿ ಕಡಲೆಗೂ ನೆರೆಯವರು ಮೂವರೇ. ಹಾಗಾದರೆ ನಾಲ್ಕನೆಯ ಎಲೆಕ್ಟ್ರಾನು ಎಲ್ಲಿ ಹೋಯಿತು? ಅದು ಯಾವ ಒಂದು ಮನೆಗೂ ಸೇರಿದ್ದಲ್ಲ, ಇಡೀ ಓಣಿಗೆ ಸೇರಿದ್ದು, ಹಾಳೆಯುದ್ದಕ್ಕೂ ಓಡಾಡಿಕೊಂಡಿರುತ್ತದೆ. ವಜ್ರದಲ್ಲಿಯೂ ಹಣಿಗೆಯ ಪ್ಲಾಸ್ಟಿಕ್ಕಿನಲ್ಲಿಯೂ ಅಂಥ ಓಡಾಡುವ ಎಲೆಕ್ಟ್ರಾನು ಇಲ್ಲ, ನಾಲ್ಕೂ ಬಂಧದಲ್ಲಿ ಕಟ್ಟುಬಿದ್ದಿವೆ. ಈ ಮಾತನ್ನು ನೆನಪಿಡಿ, ಡಿಸೆಂಬರ್‌ನಲ್ಲಿ ಬೇಕಾಗುತ್ತದೆ.

ಗ್ರಾಫೈಟಿನ ಒಂದು ಹಾಳೆಗೂ ಇನ್ನೊಂದಕ್ಕೂ ನಡುವಿನ ಹಿಡಿತ ಸಡಿಲ. ಬರೆಯುವಾಗ ಹಾಳೆಗಳು ಜಾರಿ ಕಾಗದಕ್ಕೆ ಹತ್ತುತ್ತವೆ. 1795ರಲ್ಲಿ ಫ್ರಾನ್ಸಿನ ನಿಕೊಲಾ ಜಾಕ್ ಕೊಂಟೆ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಟ್ಟು ಪೆನ್ಸಿಲ್ ಕಡ್ಡಿ ಮಾಡುವ ವಿಧಾನಕ್ಕೆ ಹಕ್ಕುಪತ್ರ ಪಡೆದರು, ಇಂದಿಗೂ ಪೆನ್ಸಿಲ್ ಹಾಗೆಯೇ ತಯಾರಾಗುತ್ತದೆ. 2004ರಲ್ಲಿ ಆಂಡ್ರೆ ಗೀಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ ಅಂಟು ಟೇಪಿನಿಂದ ಗ್ರಾಫೈಟನ್ನು ಮತ್ತೆ ಮತ್ತೆ ಸುಲಿದು ಒಂದೇ ಪರಮಾಣುವಿನಷ್ಟು ದಪ್ಪದ ಹಾಳೆಯನ್ನು, ಗ್ರಾಫೀನನ್ನು, ಬೇರ್ಪಡಿಸಿದರು. 2010ರಲ್ಲಿ ಅವರಿಗೆ ನೊಬೆಲ್ ಬಂತು.

ಮಸಿ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಮೇಣದಬತ್ತಿ ಸಾಕು. ಜ್ವಾಲೆಯ ಹಳದಿ ಭಾಗಕ್ಕೆ ಸ್ಟೀಲ್ ಚಮಚದ ಬೆನ್ನು ಹಿಡಿದರೆ ಕಪ್ಪು ಕೂರುತ್ತದೆ. ಗ್ಯಾಸ್ ಒಲೆಯ ನೀಲಿ ಜ್ವಾಲೆಗೆ ಹಿಡಿದರೆ ಕೂರುವುದಿಲ್ಲ, ಅಲ್ಲಿ ಗಾಳಿ ಸಾಕಷ್ಟು ಬೆರೆತು ಕಾರ್ಬನ್ ಪೂರ್ತಿ ಉರಿದಿರುತ್ತದೆ. ನಮ್ಮ ಅಜ್ಜಿಯಂದಿರು ಹರಳೆಣ್ಣೆಯ ದೀಪದ ಮೇಲೆ ಬಟ್ಟಲು ಬೋರಲು ಹಾಕಿ ಕಾಡಿಗೆ ಹಿಡಿಯುತ್ತಿದ್ದುದೂ ಇದೇ ಅರೆಬರೆ ಉರಿದ ಕಾರ್ಬನ್ನನ್ನು. ಆದರೆ ಕಪ್ಪೆಲ್ಲ ಕಾರ್ಬನ್ ಅಲ್ಲ. ಬಿದರಿ ಪಾತ್ರೆಯ ಕಪ್ಪಿನಲ್ಲಿ ಮಸಿಯೇ ಇಲ್ಲ. ಸತು ಮತ್ತು ತಾಮ್ರದ ಮಿಶ್ರಲೋಹವನ್ನು ಬೀದರ್ ಕೋಟೆಯ ಮಣ್ಣು, ನವಸಾಗರ ಬೆರೆಸಿದ ಬಿಸಿ ನೀರಿನಲ್ಲಿ ಅದ್ದಿದಾಗ ಲೋಹದ ಮೇಲ್ಮೈಯೇ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ.

ಡಿಸೆಂಬರ್ ಬಂತು: ಟೇಪಿನಿಂದ ಶುರು

ಹಣಿಗೆಗಿಂತ ಮೊದಲು ಟೇಪು ಹಿಡಿಯಿರಿ. ತಲೆಗೆ ಎಣ್ಣೆ ಹಚ್ಚಿಕೊಂಡು ಬರುವ ನಮ್ಮ ಮಕ್ಕಳ ಕೂದಲಿನಲ್ಲಿ ಹಣಿಗೆ ಆವೇಶ ಪಡೆಯುವುದು ಕಡಿಮೆ, ಟೇಪು ಎಲ್ಲರ ಕೈಯಲ್ಲೂ ಕೆಲಸ ಮಾಡುತ್ತದೆ. ಪಾರದರ್ಶಕ ಅಂಟು ಟೇಪನ್ನು ಒಂದು ಗೇಣು ಉದ್ದಕ್ಕೆ ಕತ್ತರಿಸಿ, ತುದಿಯನ್ನು ಕೊಂಚ ಮಡಿಚಿ ಹಿಡಿ ಮಾಡಿಕೊಂಡು ಮೇಜಿಗೆ ಅಂಟಿಸಿ. ಇದು ತಳ, ಏಳುವುದಿಲ್ಲ. ಅದರ ಮೇಲೆ ಇನ್ನೊಂದು ಟೇಪು ಅಂಟಿಸಿ ಹಿಡಿಯ ಮೇಲೆ ‘ಕೆ’ ಎಂದು ಬರೆಯಿರಿ. ಅದರ ಮೇಲೆ ಮತ್ತೊಂದು ಅಂಟಿಸಿ ‘ಮೇ’ ಎಂದು ಬರೆಯಿರಿ. ಕೆಳಗಿನದು, ಮೇಲಿನದು ಎಂಬ ಗುರುತು ಅಷ್ಟೇ. ಈಗ ಕೆ ಮತ್ತು ಮೇ ಎರಡನ್ನೂ ಒಟ್ಟಿಗೇ, ನಿಧಾನವಾಗಿ ಎಬ್ಬಿಸಿ, ಅಂಟಿಲ್ಲದ ಬೆನ್ನಿನ ಮೇಲೆ ಬೆರಳಿನಿಂದ ಒಮ್ಮೆ ಸವರಿ. ಆಮೇಲೆ ಒಂದರಿಂದ ಒಂದನ್ನು ಸರ್ರನೆ ಕಿತ್ತು ಹತ್ತಿರ ಹಿಡಿಯಿರಿ. ಗಾಳಿಯಲ್ಲೇ ಬಾಗಿ ಒಂದನ್ನೊಂದು ತಬ್ಬಿಕೊಳ್ಳುತ್ತವೆ.

ಪಕ್ಕದವರೂ ಇಂಥದೇ ಜೋಡಿ ತಯಾರಿಸಿರಲಿ. ನಿಮ್ಮ ಕೆ, ಅವರ ಕೆ ಹತ್ತಿರ ತಂದರೆ ದೂರ ಸರಿಯುತ್ತವೆ. ಮೇ ಮತ್ತು ಮೇ ಕೂಡ ಹಾಗೆಯೇ. ಕೆ ಮತ್ತು ಮೇ ಮಾತ್ರ ಸೆಳೆಯುತ್ತವೆ. ಆವೇಶ ಎರಡೇ ಬಗೆ ಎಂಬುದನ್ನೂ ಸಜಾತಿ ವಿಕರ್ಷಿಸುತ್ತದೆ, ವಿಜಾತಿ ಆಕರ್ಷಿಸುತ್ತದೆ ಎಂಬುದನ್ನೂ ಮಕ್ಕಳು ನೀವು ಹೇಳುವ ಮೊದಲೇ ಹೇಳುತ್ತಾರೆ. ಉಜ್ಜಿದ್ದರಿಂದ ಆವೇಶ ಹುಟ್ಟಿತು ಎಂಬ ತಪ್ಪು ತಿಳಿವಳಿಕೆಯೂ ಇಲ್ಲೇ ಹೋಗುತ್ತದೆ, ಏಕೆಂದರೆ ಇಲ್ಲಿ ಉಜ್ಜಲೇ ಇಲ್ಲ. ಎರಡು ಮೇಲ್ಮೈ ಕೂಡಿ ಬೇರೆಯಾದಾಗ ಒಂದರ ಎಲೆಕ್ಟ್ರಾನುಗಳು ಇನ್ನೊಂದಕ್ಕೆ ಹೋದವು. ಪಡೆದದ್ದು ಋಣ, ಕಳೆದುಕೊಂಡದ್ದು ಧನ. ಉಜ್ಜುವುದು ಕೇವಲ ಹೆಚ್ಚು ಜಾಗದಲ್ಲಿ ತಾಗಿಸುವ ಉಪಾಯ.

ವಿದ್ಯುದ್ದರ್ಶಕ ಮಾಡುವ ಬಗೆ

ಒಂದು ವಸ್ತುವಿನಲ್ಲಿ ಆವೇಶ ಇದೆಯೇ ಎಂದು ತೋರಿಸುವ ಸಾಧನವೇ ವಿದ್ಯುದ್ದರ್ಶಕ. ಇದನ್ನು ಮಾಡಲು ಅವಸರ ಬೇಡ. ಒಮ್ಮೆ ಸರಿಯಾಗಿ ಮಾಡಿದರೆ ಹತ್ತು ವರ್ಷ ಬಾಳುತ್ತದೆ.

1. ಉಪ್ಪಿನಕಾಯಿಯ ಖಾಲಿ ಗಾಜಿನ ಬಾಟಲಿಯನ್ನು ತೊಳೆದು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ಜಿಡ್ಡು ಉಳಿಯಬಾರದು.

2. ಬಾಯಿಗೆ ಹೊಂದುವಂತೆ ರಟ್ಟು ಕತ್ತರಿಸಿ ನಡುವೆ ಒಂದು ರೂಪಾಯಿ ನಾಣ್ಯದಷ್ಟು ತೂತು ಮಾಡಿ. ತೂತಿನ ಕೆಳಗೆ ಕಾಗದ ಹಿಡಿದು ಮೇಣದಬತ್ತಿಯ ಕರಗಿದ ಮೇಣ ತುಂಬಿ. ರಟ್ಟಿನಲ್ಲಿ ತೇವ ಇರುವುದರಿಂದ ಆವೇಶ ಸೋರುತ್ತದೆ. ಮೇಣ ಇಪ್ಪತ್ತಕ್ಕೂ ಹೆಚ್ಚು ಕಾರ್ಬನ್ನುಗಳ ಸರಪಳಿ, ಅದರ ಎಲೆಕ್ಟ್ರಾನುಗಳೆಲ್ಲ ಬಂಧದಲ್ಲಿವೆ, ಸೋರಗೊಡುವುದಿಲ್ಲ.

3. ಲೋಹದ ಕಾಗದದ ಕ್ಲಿಪ್ಪೊಂದನ್ನು ಬಿಚ್ಚಿ ನೆಟ್ಟಗೆ ಮಾಡಿ, ಮೇಣ ಇನ್ನೂ ಮೆತ್ತಗಿರುವಾಗ ನಡುವೆ ತೂರಿಸಿ. ಕೆಳತುದಿಯನ್ನು ಕೊಕ್ಕೆಯಾಗಿ ಬಗ್ಗಿಸಿ, ಮೇಲ್ತುದಿಯನ್ನು ದುಂಡಗೆ ಸುರುಳಿ ಸುತ್ತಿ. ಮೊನೆ ಚೂಪಾಗಿದ್ದರೆ ಆವೇಶ ಅಲ್ಲಿಂದ ಗಾಳಿಗೆ ಸೋರುತ್ತದೆ.

4. ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆಯಿಂದ 4 ಸೆಂಟಿಮೀಟರ್ ಉದ್ದ, 1 ಸೆಂಟಿಮೀಟರ್ ಅಗಲದ ಎರಡು ಪಟ್ಟಿ ಕತ್ತರಿಸಿ, ಉಗುರಿನಿಂದ ತೀಡಿ ಸಮ ಮಾಡಿ, ತುದಿಯಲ್ಲಿ ತೂತಿಟ್ಟು ಕೊಕ್ಕೆಗೆ ತೂಗಿಬಿಡಿ. ಇವೇ ವಿದ್ಯುದ್ದರ್ಶಕದ ಎಲೆಗಳು. ಎರಡೂ ಸಡಿಲವಾಗಿ, ಒಂದಕ್ಕೊಂದು ಅಂಟಿದಂತೆ ತೂಗಬೇಕು. ಗುಳಿಗೆ ಪಟ್ಟಿಯ ಹಾಳೆ ಬೇಡ, ಅದರ ಮೇಲೆ ಲೇಪನ ಇರುತ್ತದೆ.

ಆವೇಶ ಕೊಡಲು ಅರ್ಧ ಮೀಟರ್ ಪಿವಿಸಿ ಪೈಪು ಮತ್ತು ಕುರಿ ಉಣ್ಣೆಯ ಕಂಬಳಿಗಿಂತ ಒಳ್ಳೆಯ ಜೋಡಿ ಇನ್ನೊಂದಿಲ್ಲ, ಎರಡೂ ನಮ್ಮ ಊರುಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಕಂಬಳಿಯಿಂದ ಪೈಪನ್ನು ಹತ್ತು ಸಲ ಬಿರುಸಾಗಿ ಉಜ್ಜಿ ಸುರುಳಿಯ ಹತ್ತಿರ ತನ್ನಿ. ಮುಟ್ಟುವ ಮೊದಲೇ ಎಲೆಗಳು ಬಿಚ್ಚಿಕೊಳ್ಳುತ್ತವೆ, ದೂರ ಒಯ್ದರೆ ಕೂಡಿಕೊಳ್ಳುತ್ತವೆ. ಎಲೆಗಳು ಬಿಚ್ಚಿಯೇ ನಿಲ್ಲಬೇಕಾದರೆ ಪೈಪನ್ನು ಸುರುಳಿಗೆ ಒಮ್ಮೆ ಮುಟ್ಟಿಸಿದರೆ ಸಾಲದು, ಉದ್ದಕ್ಕೂ ಎಳೆಯಬೇಕು. ಕಾರಣ ಈಗ ನಿಮಗೆ ಗೊತ್ತು: ಪೈಪಿನ ಮೇಲಿನ ಆವೇಶ ಕೂತಲ್ಲೇ ಕೂತಿರುತ್ತದೆ, ತಾನಾಗಿ ಹರಿದು ಬರುವುದಿಲ್ಲ. ನಾವೇ ಒಂದೊಂದು ಜಾಗವನ್ನೂ ಲೋಹಕ್ಕೆ ತಾಗಿಸಿ ಒರೆಸಿಕೊಳ್ಳಬೇಕು. ಹೀಗೆ ಒರೆಸಿ ಪಡೆಯುವ ಚೂರು ಆವೇಶದಲ್ಲಿಯೂ ಕೋಟಿಗಟ್ಟಲೆ ಎಲೆಕ್ಟ್ರಾನುಗಳಿರುತ್ತವೆ.

ಎಲೆಗಳು ಬಿಚ್ಚಿಕೊಂಡು ಕೂಡಲೇ ಬಿದ್ದರೆ ಮೇಣದ ಮೇಲೆ ಬೆವರಿನ ಕೈ ತಾಗಿದೆ ಎಂದರ್ಥ, ಒಣ ಹತ್ತಿ ಬಟ್ಟೆಯಿಂದ ಒರೆಸಿ. ಒಂದೇ ಎಲೆ ಅಲುಗಿದರೆ ಇನ್ನೊಂದರ ತೂತು ಬಿಗಿಯಾಗಿದೆ.

ಸ್ಕೇಲು, ಪೆನ್ಸಿಲ್, ಮತ್ತೆ ಆ ಮೊದಲ ಪ್ರಶ್ನೆ

ಎಲೆಗಳನ್ನು ಬಿಚ್ಚಿ ನಿಲ್ಲಿಸಿ. ಒಂದು ಪ್ಲಾಸ್ಟಿಕ್ ಸ್ಕೇಲನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಲು ಬಿಡಿ. ಅದರ ಮೇಲೆ ಮೊದಲೇ ಇದ್ದ ಆವೇಶ ಹೋಗಲಿ ಎಂದು ಈ ಕೆಲಸ. ಈಗ ಸ್ಕೇಲಿನ ತುದಿಯನ್ನು ಸುರುಳಿಗೆ ಮುಟ್ಟಿಸಿ. ಎಲೆಗಳು ಹಾಗೆಯೇ ನಿಲ್ಲುತ್ತವೆ. ಸ್ಕೇಲು ತೆಗೆದು, ಎರಡೂ ತುದಿ ಕೆತ್ತಿದ ಪೆನ್ಸಿಲ್ ತೆಗೆದುಕೊಳ್ಳಿ. ಒಂದು ತುದಿಯ ಕಪ್ಪು ಕಡ್ಡಿಯನ್ನು ಬೆರಳಿನಲ್ಲಿ ಹಿಡಿದು ಇನ್ನೊಂದು ತುದಿಯ ಕಡ್ಡಿಯನ್ನು ಸುರುಳಿಗೆ ಮುಟ್ಟಿಸಿ. ಎಲೆಗಳು ಥಟ್ಟನೆ ಬೀಳುತ್ತವೆ. ಕಡಲೆಯ ಆ ಸಮತಟ್ಟಾದ ಹಾಳೆಯನ್ನು ಈಗ ಮಕ್ಕಳ ಕೈಗೆ ಕೊಡಿ. ಓಣಿಯಲ್ಲಿ ಓಡಾಡುವ ನಾಲ್ಕನೆಯ ಎಲೆಕ್ಟ್ರಾನು ಇದ್ದಲ್ಲಿ ಆವೇಶಕ್ಕೆ ದಾರಿ ಸಿಕ್ಕಿತು, ಎಲ್ಲವೂ ಕಟ್ಟುಬಿದ್ದಲ್ಲಿ ಸಿಗಲಿಲ್ಲ.

ಇದೇ ಬಗೆಯಲ್ಲಿ ನೂಲು, ನೈಲಾನ್ ದಾರ, ಒಣ ತೊಗರಿ ಕಟ್ಟಿಗೆ, ಒದ್ದೆ ತೊಗರಿ ಕಟ್ಟಿಗೆ, ಪರಸಿ ತುಂಡು, ಇದ್ದಿಲು, ಎಲ್ಲವನ್ನೂ ಮುಟ್ಟಿಸಿ, ಎಲೆಗಳು ಬೀಳಲು ಎಷ್ಟು ಸೆಕೆಂಡು ಹಿಡಿಯಿತು ಎಂದು ಬರೆಸಿ. ಇದ್ದಿಲಿನ ವಿಷಯದಲ್ಲಿ ಒಂದು ಮಾತು. ಎರಡು ಸೆಲ್ಲು ಮತ್ತು ಬಲ್ಬಿನ ಮಂಡಲದಲ್ಲಿ ಒಲೆಯ ಇದ್ದಿಲನ್ನು ಜೋಡಿಸಿದರೆ ಬಲ್ಬು ಹತ್ತದೇ ಇರಬಹುದು, ಆದರೆ ವಿದ್ಯುದ್ದರ್ಶಕದ ಎಲೆಗಳು ಬೀಳುತ್ತವೆ. ಕಡಿಮೆ ಶಾಖದಲ್ಲಿ ಸುಟ್ಟ ಇದ್ದಿಲಿನಲ್ಲಿ ಗ್ರಾಫೈಟಿನಂಥ ಹಾಳೆಗಳು ಚೂರುಚೂರಾಗಿ, ಸರಿಯಾಗಿ ಕೂಡಿಕೊಳ್ಳದೆ ಇರುತ್ತವೆ. ಬಲ್ಬು ಉರಿಯುವಷ್ಟು ಪ್ರವಾಹ ಅಲ್ಲಿ ಸಾಗದು. ಎಲೆಗಳ ಚೂರು ಆವೇಶ ಜಾರಿಹೋಗಲು ಅಷ್ಟು ದಾರಿ ಸಾಕು.

ಮಿಂಚು

ಗಾಳಿಯೂ ಅವಾಹಕವೇ, ಆದರೆ ಮಿತಿಯುಂಟು. ಒಣ ಗಾಳಿಯಲ್ಲಿ ಒಂದು ಮಿಲಿಮೀಟರ್ ಅಂತರಕ್ಕೆ ಸುಮಾರು 3,000 ವೋಲ್ಟ್ ದಾಟಿದರೆ ಕಿಡಿ ಹಾರುತ್ತದೆ. ಚಳಿಗಾಲದ ರಾತ್ರಿ ಕಂಬಳಿ ಕೊಡವುವಾಗ ಕಾಣುವ ಚಿಟಿಚಿಟಿ ಕಿಡಿ, ಏಪ್ರಿಲ್ ಮೇ ತಿಂಗಳ ಅಡ್ಡಮಳೆಯ ಮಿಂಚು, ಎರಡೂ ಒಂದೇ ಜಾತಿ. ನಮ್ಮ ಬಯಲು ಸೀಮೆಯ ಹೊಲಗಳಲ್ಲಿ ಮರ ವಿರಳ, ಮೋಡ ಬಂದರೆ ಜನ ಇರುವ ಒಂದು ಬೇವಿನ ಮರದಡಿ ಸೇರುತ್ತಾರೆ. ಅದೇ ಕೊಲ್ಲುವ ತಪ್ಪು. ಮಿಂಚಿನಿಂದ ಗುಡುಗಿನವರೆಗೆ ಎಣಿಸಿ: 3 ಸೆಕೆಂಡಿಗೆ ಸುಮಾರು 1 ಕಿಲೋಮೀಟರ್. ಎಣಿಕೆ 30ಕ್ಕಿಂತ ಕಡಿಮೆ ಬಂದರೆ ಕೆಲಸ ಬಿಟ್ಟು ಪಕ್ಕಾ ಮನೆಗೋ ಮುಚ್ಚಿದ ವಾಹನಕ್ಕೋ ಹೋಗಿ, ಕೊನೆಯ ಗುಡುಗು ಕೇಳಿದ ಮೇಲೂ 30 ನಿಮಿಷ ಹೊರಗೆ ಬರಬೇಡಿ. ಎಲ್ಲಿಯೂ ಆಸರೆ ಇಲ್ಲದಿದ್ದರೆ ಮರದಿಂದ ದೂರ, ತಗ್ಗಿನಲ್ಲಿ, ಪಾದಗಳನ್ನು ಜೋಡಿಸಿ ಕುಕ್ಕರಗಾಲಲ್ಲಿ ಕೂರಿ. ಮಲಗಬೇಡಿ. ಈ ಪಾಠವನ್ನು ಮಕ್ಕಳು ಮನೆಯಲ್ಲಿ ಹೇಳುವಂತೆ ಮಾಡುವುದು ನನ್ನ ಮಟ್ಟಿಗೆ ಪರೀಕ್ಷೆಯ ಅಂಕಕ್ಕಿಂತ ದೊಡ್ಡದು.

ಕೊನೆಗೆ ಮೇಣದಬತ್ತಿ

ಎರಡೂ ಪಾಠಗಳು ಒಂದೇ ಮೇಜಿನ ಮೇಲೆ ಕೂಡುವ ಪ್ರಯೋಗ ಇದು. ಎಲೆಗಳನ್ನು ಬಿಚ್ಚಿ ನಿಲ್ಲಿಸಿ, ಹೊತ್ತಿಸಿದ ಮೇಣದಬತ್ತಿಯನ್ನು ಸುರುಳಿಯಿಂದ ಸುಮಾರು 10 ಸೆಂಟಿಮೀಟರ್ ದೂರಕ್ಕೆ ಮೆಲ್ಲನೆ ತನ್ನಿ. ಮುಟ್ಟಿಸಬೇಡಿ. ಎಲೆಗಳು ತಾವಾಗಿಯೇ ಕೂಡಿಕೊಳ್ಳುತ್ತವೆ. ‘ಯಾರೂ ಮುಟ್ಟಲೇ ಇಲ್ಲವಲ್ಲ ಸರ್’ ಎಂಬ ಮಾತು ಪ್ರತಿ ವರ್ಷವೂ ಬರುತ್ತದೆ.

ಬೆಳಕಿನಿಂದ ಆಯಿತೇ? ಮತ್ತೆ ಆವೇಶ ಕೊಟ್ಟು ಅಷ್ಟೇ ದೂರದಲ್ಲಿ ಟಾರ್ಚ್ ಹಿಡಿಯಿರಿ, ಎಲೆಗಳು ಬೀಳುವುದಿಲ್ಲ. ಶಾಖದಿಂದಲೇ? ರೊಟ್ಟಿಯ ಹಂಚನ್ನು ಕಾಯಿಸಿ ಇಕ್ಕಳದಲ್ಲಿ ಹಿಡಿದು ತನ್ನಿ. ಎಲೆಗಳು ತುಸು ಅಲುಗಿದರೂ ಹಂಚು ದೂರ ಹೋದೊಡನೆ ಮೊದಲಿನಂತೆ ಬಿಚ್ಚಿಕೊಳ್ಳುತ್ತವೆ. ಹಾಗಾದರೆ ಉರಿಯುವುದರಲ್ಲೇ ಏನೋ ಇದೆ. ಮೇಣದ ಕಾರ್ಬನ್, ಹೈಡ್ರೋಜನ್ ಬಂಧಗಳು ಕಡಿದು ಆಕ್ಸಿಜನ್ ಜೊತೆ ಕೂಡುವ ಗದ್ದಲದಲ್ಲಿ ಕೆಲವು ಕಣಗಳು ಎಲೆಕ್ಟ್ರಾನು ಕಳೆದುಕೊಂಡು ಧನ ಅಯಾನುಗಳಾಗುತ್ತವೆ, ಬಿಡುಗಡೆಯಾದ ಎಲೆಕ್ಟ್ರಾನುಗಳೂ ಅಲ್ಲೇ ಸುಳಿಯುತ್ತವೆ. ಜ್ವಾಲೆಯ ಸುತ್ತಲಿನ ಗಾಳಿ ಅಷ್ಟು ಹೊತ್ತು ವಾಹಕವಾಗುತ್ತದೆ. ಬಿಚ್ಚಿದ ಎಲೆಗಳಲ್ಲಿ ಋಣ ಆವೇಶವಿದ್ದರೆ ಧನ ಅಯಾನುಗಳು ಬಂದು ಅದನ್ನು ತೀರಿಸುತ್ತವೆ. ಎಲೆಗಳ ಆವೇಶ ಧನವಾಗಿದ್ದರೂ ಬೀಳುತ್ತವೆ. ಗಾಜಿನ ಕೊಳವೆಯನ್ನು ರೇಷ್ಮೆ ಬಟ್ಟೆಯಿಂದ ಉಜ್ಜಿ ಆವೇಶ ಕೊಟ್ಟು ಅದನ್ನೂ ನೋಡಿ.

ಆಮೇಲೆ ಸ್ಕೇಲು ಇಟ್ಟು ಅಳೆಯಿರಿ. ಬತ್ತಿ 10, 20, 30 ಸೆಂಟಿಮೀಟರ್ ದೂರವಿದ್ದಾಗ ಎಲೆಗಳು ಬೀಳಲು ಎಷ್ಟೆಷ್ಟು ಸೆಕೆಂಡು? ಬತ್ತಿ ಸುರುಳಿಯ ಮಟ್ಟಕ್ಕಿಂತ ಕೆಳಗಿದ್ದರೆ, ಮೇಲಿದ್ದರೆ? ಬತ್ತಿಗೂ ಸುರುಳಿಗೂ ನಡುವೆ ಬೀಸಣಿಗೆಯಿಂದ ಅಡ್ಡ ಗಾಳಿ ಹಾಕಿದರೆ? ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ದಿನಾಂಕ, ಹೊತ್ತು, ಆ ದಿನದ ಹವೆ ಸಮೇತ ಬರೆದಿಡಿ. ಜುಲೈನಲ್ಲಿ, ಮಳೆ ಹಿಡಿದ ದಿನ, ಅದೇ ಬಾಟಲಿ ತೆಗೆದು ಬತ್ತಿ ಹೊತ್ತಿಸದೆಯೇ ಎಲೆಗಳು ಎಷ್ಟು ಬೇಗ ಬೀಳುತ್ತವೆ ಎಂದು ಎಣಿಸಿ, ಆ ಅಂಕಿಯನ್ನು ಡಿಸೆಂಬರ್‌ನ ಅಂಕಿಯ ಪಕ್ಕದಲ್ಲೇ ಬರೆಯಿರಿ.